ಏಪ್ರಿಲ್ ವೀಲರ್ ಮಾತನ್ನು ಕೇಳಿಸಿಕೊಂಡವರು ಯಾರು?

ನಾಟಕ ಮುಗಿದಿದೆ, ಕೆಟ್ಟದಾಗಿ ಮುಗಿದಿದೆ. ಅದು 1955ರ ವಸಂತ. ಅಮೆರಿಕದ ಕನೆಟಿಕಟ್ ರಾಜ್ಯದ ಪಶ್ಚಿಮ ಭಾಗದ ಒಂದು ಉಪನಗರದಲ್ಲಿ ಲಾರೆಲ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡ ತನ್ನ ಮೊಟ್ಟಮೊದಲ ಪ್ರಯೋಗವಾಗಿ ರಾಬರ್ಟ್ ಶೆರ್ವುಡ್‌ನ 'ದಿ ಪೆಟ್ರಿಫೈಡ್ ಫಾರೆಸ್ಟ್' ಆಡಿದೆ. ನಾಯಕನ ಪಾತ್ರಧಾರಿ ಕೊನೆಯ ಗಳಿಗೆಯಲ್ಲಿ ಕಾಯಿಲೆ ಬಿದ್ದದ್ದರಿಂದ ನಿರ್ದೇಶಕನೇ ಆ ಪಾತ್ರಕ್ಕಿಳಿದ. ಅಲ್ಲಿಂದ ಒಬ್ಬೊಬ್ಬರೂ ಎಡವುತ್ತ ಹೋದರು. ಆರಂಭದಲ್ಲಿ ನಿಜವಾದ ನಟಿಯಂತೆ ಕಂಡವಳು ನಾಯಕಿ ಏಪ್ರಿಲ್ ವೀಲರ್ ಒಬ್ಬಳೇ. ಕೊನೆಗೆ ಅವಳೂ ಕುಸಿದಳು. ಮನೆಗೆ ಮರಳುವ ದಾರಿಯಲ್ಲಿ ಕಾರಿನೊಳಗೆ ಕೂತು ಅವಳು ಗಂಡನನ್ನು ಕೇಳುವುದು ಒಂದೇ ಒಂದು ಉಪಕಾರ: ಇವತ್ತು ಇದರ ಬಗ್ಗೆ ಮಾತು ಬೇಡ. ಫ್ರಾಂಕ್ ಮಾತಾಡುತ್ತಾನೆ. ಸಮಾಧಾನ ಹೇಳುತ್ತಾನೆ, ತನ್ನ ತಪ್ಪೇನೂ ಇಲ್ಲ ಎನ್ನುತ್ತಾನೆ, ಊರಿನ ಜನರನ್ನು ಹಳಿಯುತ್ತಾನೆ. ಅವಳು ಕಾರಿನಿಂದ ಇಳಿದು ಹೆದ್ದಾರಿಯ ಅಂಚಿನಲ್ಲಿ ಓಡಿದರೆ ಹಿಂದೆಯೇ ಓಡಿ ಬಂದು ಮಾತಾಡುತ್ತಾನೆ. ಮಾತು ಜಗಳವಾಗಿ, ಜಗಳ ಕೂಗಾಟವಾಗಿ, ಎತ್ತಿದ ಮುಷ್ಟಿ ಹೆಂಡತಿಯ ಮೇಲೆ ಬೀಳದೆ ಕಾರಿನ ಚಾವಣಿಯ ಮೇಲೆ ಬೀಳುತ್ತದೆ.

ರಿಚರ್ಡ್ ಯೇಟ್ಸ್ ಬರೆದ 'ರೆವಲ್ಯೂಷನರಿ ರೋಡ್' ಶುರುವಾಗುವುದು ಹೀಗೆ. 1961ರಲ್ಲಿ ಪ್ರಕಟವಾದ ಈ ಕಾದಂಬರಿ ಅವನ ಮೊದಲ ಪುಸ್ತಕ. ಮರುವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಯಲ್ಲಿ ಜೋಸೆಫ್ ಹೆಲ್ಲರ್‌ನ 'ಕ್ಯಾಚ್-22', ಸ್ಯಾಲಿಂಜರ್‌ನ 'ಫ್ರಾನಿ ಅಂಡ್ ಜೂಯಿ' ಜೊತೆಗೆ ಇದೂ ನಿಂತಿತ್ತು. ಪ್ರಶಸ್ತಿ ಹೋದದ್ದು ವಾಕರ್ ಪರ್ಸಿಯ 'ದಿ ಮೂವಿಗೋಯರ್'ಗೆ. ಲೇಖಕರು ಒಬ್ಬರಿಗೊಬ್ಬರು ಹೇಳಿ ಓದಿಸಿದ ಪುಸ್ತಕ ಇದು. ಸಾಮಾನ್ಯ ಓದುಗರ ಕೈಗೆ ಹೆಚ್ಚು ಹೋಗಲಿಲ್ಲ. ಯೇಟ್ಸ್ 1992ರಲ್ಲಿ ಅಲಬಾಮಾದಲ್ಲಿ ತೀರಿಕೊಂಡಾಗ ಅವನ ಕೃತಿಗಳಲ್ಲಿ ಹಲವು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 1999ರಲ್ಲಿ ಸ್ಟೂವರ್ಟ್ ಓನ್ಯಾನ್ ಎಂಬ ಕಾದಂಬರಿಕಾರ 'ಬಾಸ್ಟನ್ ರಿವ್ಯೂ' ಪತ್ರಿಕೆಯಲ್ಲಿ ಈ ಅನ್ಯಾಯದ ಬಗ್ಗೆ ದೀರ್ಘ ಲೇಖನ ಬರೆದ ಮೇಲೆ ಮರುಮುದ್ರಣಗಳು ಬಂದವು, ಜೀವನಚರಿತ್ರೆ ಬಂತು, 2008ರಲ್ಲಿ ಸ್ಯಾಮ್ ಮೆಂಡಿಸ್ ನಿರ್ದೇಶನದ ಸಿನಿಮಾವೂ ಬಂತು.

ಈ ಕಾದಂಬರಿಯ ಬಗ್ಗೆ ಮಾತು ಬಂದಾಗ ಎಲ್ಲರೂ ಹೇಳುವ ಕಥೆ ಒಂದಿದೆ. ಇಬ್ಬರು ಬುದ್ಧಿವಂತ ಯುವಜನರು, ಒಂದು ಚಂದದ ಮನೆ, ಎರಡು ಮಕ್ಕಳು. ಉಪನಗರದ ಬೇಸರದ ಬದುಕಿನಲ್ಲಿ ಕನಸುಗಳು ಕಮರುತ್ತವೆ. ಪ್ಯಾರಿಸ್‌ಗೆ ಹೋಗಬೇಕೆಂದುಕೊಳ್ಳುತ್ತಾರೆ, ಆಗುವುದಿಲ್ಲ, ದುರಂತವಾಗುತ್ತದೆ. ಸುಳ್ಳೇನಲ್ಲ. ಆದರೆ ಹಾಗೆ ಹೇಳಿ ಮುಗಿಸಿದರೆ ತಪ್ಪನ್ನೆಲ್ಲ ಹುಲ್ಲುಹಾಸಿನ ಮೇಲೂ ದೊಡ್ಡ ಗಾಜಿನ ಕಿಟಕಿಯ ಮೇಲೂ ಹಾಕಿ ಮನುಷ್ಯರನ್ನು ಬಿಟ್ಟುಬಿಟ್ಟ ಹಾಗಾಗುತ್ತದೆ. ನನ್ನ ಓದಿನಲ್ಲಿ ಇದು ಕೇಳಿಸಿಕೊಳ್ಳದವರ ಕಥೆ. ಮಾತಿನಲ್ಲಿ ಗೆಲ್ಲುವುದನ್ನೇ ಪ್ರೀತಿಯೆಂದು ತಿಳಿದ ಒಬ್ಬ ಗಂಡ, ಅವನು ಗೆದ್ದ ಪ್ರತಿಸಲವೂ ಒಂದಿಷ್ಟು ಕಳೆದುಕೊಂಡ ಒಬ್ಬ ಹೆಂಡತಿ. ಹೆದ್ದಾರಿಯ ಆ ಜಗಳದಿಂದ ಕೊನೆಯ ಪುಟದವರೆಗೂ ಯೇಟ್ಸ್ ಈ ಎಳೆಯನ್ನು ಬಿಡುವುದಿಲ್ಲ.

ಫ್ರಾಂಕ್ ವೀಲರ್ ಕೊಲಂಬಿಯಾ ವಿಶ್ವವಿದ್ಯಾಲಯದ ಪದವೀಧರ, ಎರಡನೇ ಮಹಾಯುದ್ಧದಲ್ಲಿ ಯೂರೋಪಿನಲ್ಲಿದ್ದ ಸೈನಿಕ. ಈಗ ದಿನಾ ರೈಲು ಹತ್ತಿ ನ್ಯೂಯಾರ್ಕ್‌ಗೆ ಹೋಗಿ ನಾಕ್ಸ್ ಬಿಸಿನೆಸ್ ಮೆಷೀನ್ಸ್ ಎಂಬ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಅಪ್ಪನೂ ಜೀವಮಾನವೆಲ್ಲ ಅದೇ ಕಂಪನಿಯಲ್ಲಿ ದುಡಿದವನು. ಈ ಕೆಲಸ ತನಗೆ ಲೆಕ್ಕಕ್ಕಿಲ್ಲ ಎಂಬುದು ಫ್ರಾಂಕ್‌ನ ಹೆಮ್ಮೆ. ಮೇಜಿನ ಮೇಲೆ ಕಾಗದ ರಾಶಿ ಬೀಳುತ್ತದೆ, ಅವನು ಮುಟ್ಟುವುದಿಲ್ಲ. ಸಂಜೆ ನೆರೆಯ ಶೆಪ್ ಮತ್ತು ಮಿಲ್ಲಿ ಕ್ಯಾಂಪ್‌ಬೆಲ್ ಬಂದರೆ, ಗ್ಲಾಸು ಕೈಗೆ ಬಂದರೆ, ಅವನ ಭಾಷಣ ಶುರು: ಈ ದೇಶ ಹಾಳಾಯಿತು, ಎಲ್ಲರೂ ಒಂದೇ ಅಚ್ಚಿನವರಾದರು, ಯೋಚಿಸುವವರಿಗೆ ಇಲ್ಲಿ ಜಾಗವಿಲ್ಲ. ಚೆನ್ನಾಗಿ ಮಾತಾಡುತ್ತಾನೆ, ಅದರಲ್ಲಿ ಅನುಮಾನವಿಲ್ಲ. ತಾವು ಆ ಬೀದಿಯಲ್ಲಿದ್ದೂ ಆ ಬೀದಿಯವರಲ್ಲ ಎಂಬ ನಂಬಿಕೆಯ ಮೇಲೆ ನಾಲ್ವರೂ ಬದುಕುತ್ತಾರೆ.

ಅವನ ಈ ಕೋಪಕ್ಕೆ ಆ ಕಾಲದಲ್ಲಿ ಕಾರಣಗಳಿದ್ದವು. ಯುದ್ಧದಿಂದ ಮರಳಿದ ಸೈನಿಕರಿಗೆ ಓದಿಗೂ ಮನೆಸಾಲಕ್ಕೂ ನೆರವು ಕೊಡುವ ಕಾನೂನು 1944ರಲ್ಲಿ ಬಂತು. 1947ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಲೆವಿಟೌನ್ ಎದ್ದಿತು. ನಾಲ್ಕೈದು ವರ್ಷಗಳಲ್ಲಿ ಅಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು ನಿಂತವು, ಹೆಚ್ಚುಕಡಿಮೆ ಒಂದೇ ನಮೂನೆಯವು. ಕರಿಯರಿಗೆ ಅಲ್ಲಿ ಮನೆ ಸಿಗುತ್ತಿರಲಿಲ್ಲ. ಸ್ಲೋನ್ ವಿಲ್ಸನ್‌ನ 'ದಿ ಮ್ಯಾನ್ ಇನ್ ದಿ ಗ್ರೇ ಫ್ಲ್ಯಾನೆಲ್ ಸೂಟ್' 1955ರಲ್ಲಿ, ವಿಲಿಯಂ ವೈಟ್‌ನ 'ದಿ ಆರ್ಗನೈಸೇಷನ್ ಮ್ಯಾನ್' 1956ರಲ್ಲಿ ಬಂದು ಕಂಪನಿಯ ಬದುಕು ಮನುಷ್ಯನನ್ನು ಏನು ಮಾಡುತ್ತದೆ ಎಂದು ಕೇಳಿದವು. ಅಂದರೆ ಫ್ರಾಂಕ್ ಸಂಜೆ ಹೇಳುತ್ತಿದ್ದುದರಲ್ಲಿ ಅವನದೇ ಆದದ್ದು ಕಡಿಮೆ. ಓದುವ ಜನರೆಲ್ಲ ಆಗ ಅದನ್ನೇ ಮಾತಾಡುತ್ತಿದ್ದರು. ಅನುಸರಣೆಯನ್ನು ಬೈಯುವುದರಲ್ಲೂ ಅವನು ಅನುಸರಿಸುತ್ತಲೇ ಇದ್ದ. ಯೇಟ್ಸ್ 1972ರ ಒಂದು ಸಂದರ್ಶನದಲ್ಲಿ, ತನ್ನ ಗುರಿ ಉಪನಗರವಲ್ಲ, ಹೇಗಾದರೂ ಸುರಕ್ಷಿತವಾಗಿದ್ದರೆ ಸಾಕೆಂದು ಐವತ್ತರ ದಶಕದ ಅಮೆರಿಕವೆಲ್ಲ ಹಿಡಿದಿದ್ದ ಹಟ ಎಂದು ಸ್ಪಷ್ಟಪಡಿಸಿದ್ದ. 1776ರ ಕ್ರಾಂತಿಯ ಹಾದಿ ಅಲ್ಲಿಗೆ ಬಂದು ಮುಚ್ಚಿಹೋಯಿತು ಎಂಬ ಸೂಚನೆಗಾಗಿಯೇ ಕಾದಂಬರಿಗೆ ಆ ಹೆಸರಿಟ್ಟದ್ದು ಎಂದೂ ಹೇಳಿದ್ದ.

ಕಾದಂಬರಿಯ ನಡುವೆ ಮುಚ್ಚಿಟ್ಟ ಹಾಗೆ ಬರುವ ಒಂದು ಹಿಂದಿನ ಪ್ರಸಂಗ ನನಗೆ ಇಡೀ ಪುಸ್ತಕದ ಬೀಗದ ಕೈಯಂತೆ ಕಾಣುತ್ತದೆ. ಮದುವೆಯಾದ ಹೊಸದು, ನ್ಯೂಯಾರ್ಕ್‌ನ ಬೆಥೂನ್ ಸ್ಟ್ರೀಟ್‌ನಲ್ಲಿ ವಾಸ. ಮಕ್ಕಳು ಈಗಲೇ ಬೇಡವೆಂದುಕೊಂಡಿದ್ದಾಗ ಏಪ್ರಿಲ್‌ಗೆ ಗರ್ಭ ನಿಲ್ಲುತ್ತದೆ. ನಾಟಕ ಶಾಲೆಯ ಗೆಳತಿಯೊಬ್ಬಳು ಹಿಂದೆ ಹೇಳಿಕೊಟ್ಟಿದ್ದ ದಾರಿಯಲ್ಲಿ ತಾನೇ ಅದನ್ನು ಮುಗಿಸಿಕೊಳ್ಳಲು ಅವಳು ರಬ್ಬರ್ ಪಿಚಕಾರಿಯೊಂದನ್ನು ತಂದಿಟ್ಟುಕೊಂಡಿರುತ್ತಾಳೆ. ಫ್ರಾಂಕ್ ಬೆಚ್ಚಿಬೀಳುತ್ತಾನೆ, ಸಿಟ್ಟಾಗುತ್ತಾನೆ, ವಾದಿಸುತ್ತಾನೆ, ಗೆಲ್ಲುತ್ತಾನೆ. ಅವಳು ಅವನ ತೋಳಿನಲ್ಲಿ ಅತ್ತು ಒಪ್ಪುತ್ತಾಳೆ. ಆಮೇಲೆ ಯೇಟ್ಸ್ ನಮಗೆ ಮೆಲ್ಲಗೆ ತಿಳಿಸುವ ಸಂಗತಿಯೇನೆಂದರೆ, ಆ ಮಗು ಫ್ರಾಂಕ್‌ಗೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಗೆಲುವು. ಹೆಂಡತಿಯ ಮುಂದೆ ತಾನೊಬ್ಬ ಗಂಡಸು ಎಂಬ ರುಜುವಾತು. ಆ ರುಜುವಾತಿನ ಬೆಲೆಯಾಗಿ ಬಂದವು ನಾಕ್ಸ್ ಕಂಪನಿಯ ಕೆಲಸ, ಮೊದಲ ಮಗು ತಪ್ಪಲ್ಲವೆಂದು ತೋರಿಸಲು ಎರಡನೆಯ ಮಗು, ಆಮೇಲೆ ಉಪನಗರದ ಮನೆ. ಯಾರಿಗೂ ಬೇಡದ ಬದುಕನ್ನು ಒಬ್ಬ ಮನುಷ್ಯ ವಾದದಲ್ಲಿ ಗೆದ್ದು ತಂದ.

ಏಪ್ರಿಲ್‌ಳ ಹಿನ್ನೆಲೆಯೂ ಇಲ್ಲಿ ಮುಖ್ಯ. ಮೋಜಿನಲ್ಲಿ ಮುಳುಗಿದ್ದ ಅಪ್ಪ ಅಮ್ಮ ಅವಳನ್ನು ಚಿಕ್ಕಂದಿನಲ್ಲೇ ಬಿಟ್ಟು ಹೋದವರು. ಸೋದರತ್ತೆ, ಚಿಕ್ಕಮ್ಮಂದಿರ ಮನೆಗಳಲ್ಲಿ ಬೆಳೆದವಳು. ಯಾವಾಗಲೋ ಒಮ್ಮೆ ಬಂದು ಹೋಗುವ ಅಪ್ಪನ ಉಡುಗೊರೆಯನ್ನು ಜೋಪಾನ ಮಾಡಿದವಳು. ತನ್ನನ್ನು ಯಾರಾದರೂ ಬೇಕೆಂದರೆ ಸಾಕು, ಅವರು ಹೇಳಿದ್ದನ್ನೆಲ್ಲ ನಂಬುವ ಹಸಿವು ಅವಳಲ್ಲಿದೆ. ಫ್ರಾಂಕ್‌ನ ಮಾತನ್ನು ಅವಳು ಅವನಿಗಿಂತ ಹೆಚ್ಚು ನಂಬಿದಳು. ಪ್ಯಾರಿಸ್ ಯೋಜನೆ ಹುಟ್ಟಿದ್ದು ಅಲ್ಲಿಂದ.

ಫ್ರಾಂಕ್‌ನ ಮೂವತ್ತನೆಯ ಹುಟ್ಟುಹಬ್ಬ. ಆ ದಿನ ಅವನು ಕಚೇರಿಯ ಮೊರೀನ್ ಎಂಬ ಹುಡುಗಿಯ ಜೊತೆ ಮಧ್ಯಾಹ್ನ ಕಳೆದು ಮನೆಗೆ ಬಂದರೆ ಹೆಂಡತಿ, ಮಕ್ಕಳು ಕೇಕ್ ಇಟ್ಟುಕೊಂಡು ಕಾದಿದ್ದಾರೆ. ರಾತ್ರಿ ಏಪ್ರಿಲ್ ಹೇಳುತ್ತಾಳೆ: ಎಲ್ಲ ಬಿಟ್ಟು ಪ್ಯಾರಿಸ್‌ಗೆ ಹೋಗೋಣ, ಅಲ್ಲಿ ಅಮೆರಿಕದ ಸರ್ಕಾರಿ ಕಚೇರಿಗಳಲ್ಲಿ ಸೆಕ್ರೆಟರಿ ಕೆಲಸಕ್ಕೆ ಒಳ್ಳೆಯ ಸಂಬಳವಿದೆ, ದುಡಿಯುವುದು ನಾನು, ನೀನು ಓದು, ಯೋಚಿಸು, ನಿನಗೇನು ಬೇಕೆಂದು ಕಂಡುಕೋ. ಸಾಮಾನ್ಯವಾಗಿ ಈ ಯೋಜನೆಯನ್ನು ಹುಚ್ಚು ಕನಸು ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಏಪ್ರಿಲ್ ಲೆಕ್ಕ ಹಾಕಿದ್ದಾಳೆ, ಮನೆ ಮಾರಿದರೆ ಎಷ್ಟು ಬರುತ್ತದೆಂದು ನೋಡಿದ್ದಾಳೆ, ಕೆಲಸದ ಬಗ್ಗೆ ವಿಚಾರಿಸಿದ್ದಾಳೆ. ಸ್ವತಃ ಯೇಟ್ಸ್ ಐವತ್ತರ ದಶಕದ ಆರಂಭದಲ್ಲಿ ಹೆಂಡತಿ, ಮಗುವಿನೊಡನೆ ಸೇನೆಯ ಪಿಂಚಣಿಯ ಮೇಲೆ ಫ್ರಾನ್ಸ್‌ಗೆ ಹೋಗಿ ಬದುಕಿ ಕಥೆ ಬರೆದವನು. ಆಗದ ಮಾತೇನಲ್ಲ. ಆ ಯೋಜನೆಯಲ್ಲಿ ಕೊರತೆಯಿರುವುದು ಬೇರೆಡೆ: ಅಷ್ಟೆಲ್ಲ ಯೋಚಿಸಿದವಳು ತನಗೇನು ಬೇಕೆಂದು ಮಾತ್ರ ಅದರಲ್ಲಿ ಬರೆದುಕೊಳ್ಳಲಿಲ್ಲ. ಗಂಡನ ಪ್ರತಿಭೆಗಾಗಿ ತಾನು ಟೈಪ್ ಮಾಡುವುದಷ್ಟೇ ಅವಳ ಬಿಡುಗಡೆ. ಬೆಟ್ಟಿ ಫ್ರೀಡನ್‌ಳ 'ದಿ ಫೆಮಿನೈನ್ ಮಿಸ್ಟಿಕ್' ಬರಲು ಆಗ ಇನ್ನೂ ಎಂಟು ವರ್ಷವಿತ್ತು.

ಅಷ್ಟರಲ್ಲಿ ಎರಡು ಘಟನೆಗಳು ಒಟ್ಟಿಗೇ ಒದಗುತ್ತವೆ. ಅಸಡ್ಡೆಯಿಂದ ಬರೆದುಕೊಟ್ಟ ಒಂದು ಪ್ರಚಾರದ ಬರಹ ಮೇಲಧಿಕಾರಿ ಬಾರ್ಟ್ ಪೊಲಾಕ್‌ಗೆ ಹಿಡಿಸಿ, ಕಂಪನಿಯ ಹೊಸ ಕಂಪ್ಯೂಟರ್ ವಿಭಾಗಕ್ಕೆ ಬಾ ಎಂದು ಫ್ರಾಂಕ್‌ಗೆ ಕರೆ ಬರುತ್ತದೆ. ಮಾತುಗಾರನಿಗೆ ಕೊನೆಗೂ ಮಾತಿನ ಬೆಲೆ ಸಿಗುತ್ತದೆ. (ಯೇಟ್ಸ್ ರೆಮಿಂಗ್ಟನ್ ರ‍್ಯಾಂಡ್ ಕಂಪನಿಗೆ ಯೂನಿವ್ಯಾಕ್ ಕಂಪ್ಯೂಟರ್ ಬಗ್ಗೆ ಪ್ರಚಾರ ಬರಹ ಬರೆದು ಹೊಟ್ಟೆ ಹೊರೆದವನು, ಈ ಕಚೇರಿಯ ಪುಟಗಳಲ್ಲಿ ಒಂದು ವಾಕ್ಯವೂ ಊಹೆಯದಲ್ಲ ಅನಿಸುವುದು ಅದಕ್ಕೇ.) ಇನ್ನೊಂದು, ಏಪ್ರಿಲ್ ಮೂರನೆಯ ಸಲ ಗರ್ಭಿಣಿ. ಫ್ರಾಂಕ್‌ಗೆ ಒಳಗೊಳಗೇ ನಿರಾಳ. ಪ್ಯಾರಿಸ್‌ಗೆ ಹೋಗಿ ತನ್ನಲ್ಲಿ ಪ್ರತಿಭೆ ಇಲ್ಲವೆಂದು ಕಂಡುಕೊಳ್ಳುವ ಭಯ ತಪ್ಪಿತು. ಆದರೆ ಮನೆಯಲ್ಲಿ ಮತ್ತೊಂದು ರಬ್ಬರ್ ಪಿಚಕಾರಿ ಅವನ ಕೈಗೆ ಸಿಗುತ್ತದೆ.

ಮೂರನೆಯ ತಿಂಗಳು ಮುಗಿಯುವುದರೊಳಗಾದರೆ ಅಪಾಯವಿಲ್ಲ ಎಂಬುದು ಅವಳು ಕೇಳಿಕೊಂಡ ತಿಳಿವಳಿಕೆ. ಆ ಗಡುವಿಗೆ ಇನ್ನೂ ಕೆಲವು ವಾರಗಳಿವೆ. ಈ ಅವಧಿಯಲ್ಲಿ ಫ್ರಾಂಕ್ ನಡೆಸುವುದು ಒಂದು ಪ್ರಚಾರ. ಕಂಪನಿಗೆ ಯಾವ ಜಾಣ್ಮೆಯಿಂದ ಬರೆದನೋ ಅದೇ ಜಾಣ್ಮೆ. ಒಳ್ಳೆಯ ಬಟ್ಟೆ ಹಾಕಿಕೊಳ್ಳುತ್ತಾನೆ, ಊಟಕ್ಕೆ ಹೊರಗೆ ಕರೆದೊಯ್ಯುತ್ತಾನೆ, ಯಾವ ಕೋನದಿಂದ ತನ್ನ ಮುಖ ಗಂಭೀರವಾಗಿ ಕಾಣುತ್ತದೆಂದೂ ನೋಡಿಕೊಳ್ಳುತ್ತಾನೆ. ಕೊನೆಗೆ ಫ್ರಾಯ್ಡ್‌ನನ್ನು ತರುತ್ತಾನೆ: ತಾಯ್ತನ ಬೇಡವೆನ್ನುವ ಹೆಂಗಸಿನ ಮನಸ್ಸಿನಲ್ಲಿ ಏನೋ ಕೆಟ್ಟಿದೆ, ಮನೋವೈದ್ಯರಿಗೆ ತೋರಿಸೋಣ. ಅವಳು ಬೇಡ ಎಂದದ್ದನ್ನು ಕಾಯಿಲೆಯ ಲಕ್ಷಣವಾಗಿ ತಿರುಗಿಸಿದ ಮೇಲೆ ಅವಳಿಗೆ ಹೇಳಲು ಏನು ಉಳಿಯುತ್ತದೆ? ದಿನಗಳು ಉರುಳುತ್ತವೆ. ಗಡುವು ದಾಟುತ್ತದೆ. ಫ್ರಾಂಕ್ ಮತ್ತೆ ಗೆದ್ದ. ಏಪ್ರಿಲ್ ಕೊನೆಗೆ ಆ ಕೆಲಸಕ್ಕೆ ಕೈಹಾಕುವುದು ಕಾಲ ಮೀರಿದ ಮೇಲೆ. ಆದ್ದರಿಂದಲೇ ಸಾಯುತ್ತಾಳೆ. ಗಂಡನ ಮಾತು ಅವಳ ಸಾವಿನಲ್ಲಿ ಅಕ್ಷರಶಃ ಪಾಲುದಾರ.

ಈ ಮನೆಯಲ್ಲಿ ಸತ್ಯ ನುಡಿಯುವವನು ಒಬ್ಬನೇ, ಜಾನ್ ಗಿವಿಂಗ್ಸ್. ಆ ಮನೆಯನ್ನು ವೀಲರ್ ದಂಪತಿಗೆ ಮಾರಿಸಿಕೊಟ್ಟ ಹೆಲೆನ್ ಗಿವಿಂಗ್ಸ್‌ಳ ಮಗ, ಒಂದು ಕಾಲದ ಗಣಿತಜ್ಞ, ಈಗ ಮಾನಸಿಕ ಆಸ್ಪತ್ರೆಯ ರೋಗಿ. ವಿದ್ಯುತ್ ಆಘಾತದ ಚಿಕಿತ್ಸೆಯಲ್ಲಿ ಗಣಿತವೆಲ್ಲ ಅಳಿಸಿಹೋಗಿದೆ. ಭಾನುವಾರಗಳಂದು ತಾಯಿ ಅವನನ್ನು ಕರೆತರುತ್ತಾಳೆ. ಪ್ಯಾರಿಸ್ ಬಿಟ್ಟುಹೋಯಿತೆಂದು ತಿಳಿದ ದಿನ ಅವನು ಫ್ರಾಂಕ್‌ನ ಭಯವನ್ನು ಎಲ್ಲರೆದುರು ಹೆಸರಿಟ್ಟು ಕರೆಯುತ್ತಾನೆ. ಯೇಟ್ಸ್ ಮುಂದೆ ತಾನೇ ಮದ್ಯ ಮತ್ತು ಮನೋರೋಗದಿಂದಾಗಿ ಹಲವು ಸಲ ಆಸ್ಪತ್ರೆ ಸೇರಿದವನು. ಜಾನ್‌ನ ಪಾತ್ರದಲ್ಲಿ ಅವನು ಕನಿಕರ ತೋರುವುದಿಲ್ಲ, ಗೌರವ ತೋರುತ್ತಾನೆ. ಆದರೂ ಜಾನ್‌ನ ಸತ್ಯದಿಂದ ಏಪ್ರಿಲ್‌ಗೆ ಉಪಯೋಗವಾಗುವುದಿಲ್ಲ. ಹುಟ್ಟಲಿರುವ ಮಗುವಿನ ಬಗ್ಗೆ ಅವನಾಡಿದ ಮಾತು ಅವಳನ್ನೇ ಹೆಚ್ಚು ಚುಚ್ಚುತ್ತದೆ.

ಇನ್ನು ಯೇಟ್ಸ್ ಮಾಡಿದ ಒಂದು ಆಯ್ಕೆ. ಕಾದಂಬರಿಯ ಹೆಚ್ಚಿನ ಭಾಗವನ್ನು ನಾವು ಫ್ರಾಂಕ್‌ನ ಒಳಗಿನಿಂದ ನೋಡುತ್ತೇವೆ. ಶೆಪ್‌ನ ಮನಸ್ಸು ನಮಗೆ ತೆರೆದಿದೆ, ಹೆಲೆನ್ ಗಿವಿಂಗ್ಸ್‌ಳದು ತೆರೆದಿದೆ, ಮೊರೀನ್‌ಳ ಬದುಕಿನ ಬಗ್ಗೆಯೂ ಪುಟಗಳಿವೆ. ಏಪ್ರಿಲ್‌ಳ ಮನಸ್ಸು ಮಾತ್ರ ಮುಚ್ಚಿದೆ. ಅವಳನ್ನು ಬೇರೆಯವರು ನೋಡುತ್ತಾರೆ, ಬಯಸುತ್ತಾರೆ, ಅರ್ಥೈಸುತ್ತಾರೆ. ಮೂರನೆಯ ಭಾಗದ ಕೊನೆಯ ಹತ್ತಿರ, ಅವಳ ಬದುಕಿನ ಕೊನೆಯ ದಿನ, ಮೊದಲ ಸಲ ಯೇಟ್ಸ್ ನಮ್ಮನ್ನು ಅವಳೊಳಗೆ ಬಿಡುತ್ತಾನೆ. ಆ ಬೆಳಗ್ಗೆ ಅವಳು ಶಾಂತವಾಗಿದ್ದಾಳೆ. ಗಂಡನಿಗೆ ತಿಂಡಿ ಮಾಡಿಕೊಟ್ಟು ಅವನ ಕೆಲಸದ ಬಗ್ಗೆ ಕೇಳಿದ್ದಾಳೆ. ಅವನು ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆಂದು ಚಿತ್ರ ಬರೆದು ವಿವರಿಸಿ ಖುಷಿಯಾಗಿ ಹೊರಟಿದ್ದಾನೆ. ಮಕ್ಕಳು ಕ್ಯಾಂಪ್‌ಬೆಲ್‌ರ ಮನೆಯಲ್ಲಿವೆ. ಅವಳು ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ, ಗಂಡನಿಗೆ ಕಾಗದ ಬರೆಯಲು ಕೂರುತ್ತಾಳೆ. ಬರೆದದ್ದನ್ನೆಲ್ಲ ಸುಟ್ಟು ಕೊನೆಗೆ ಒಂದೆರಡು ಸಾಲಿನ ಚೀಟಿ ಉಳಿಸುತ್ತಾಳೆ. ಪ್ರಾಮಾಣಿಕವಾದ ಕೆಲಸವನ್ನು ಒಬ್ಬಳೇ ಮಾಡಬೇಕಾಗುತ್ತದೆ ಎಂಬ ನಿಶ್ಚಯ ಅವಳದು. ಮುನ್ನೂರು ಚಿಲ್ಲರೆ ಪುಟ ಅವಳ ಬಗ್ಗೆ ಓದಿದ ನಾವು ಅವಳನ್ನು ಭೇಟಿಯಾಗುವುದು ಅವಳು ಹೋಗುವ ಹೊತ್ತಿಗೆ. ನಾವೂ ಫ್ರಾಂಕ್‌ನ ಕಿವಿಯಿಂದಲೇ ಅವಳನ್ನು ಕೇಳಿಕೊಂಡು ಬಂದೆವಲ್ಲ ಎಂಬ ಸಂಕಟ ಆಗ ಹಿಡಿಯುತ್ತದೆ. ಇಂಥ ಕಸುಬು ನಾನು ಬೇರೆಲ್ಲೂ ಇಷ್ಟು ನಿರ್ದಾಕ್ಷಿಣ್ಯವಾಗಿ ಕಂಡಿಲ್ಲ.

ಅವಳ ಸಾವಿಗೆ ಗಂಡನೊಬ್ಬನೇ ಹೊಣೆಯೂ ಅಲ್ಲ. ಕಥೆ ನಡೆಯುವ ಕನೆಟಿಕಟ್‌ನಲ್ಲಿ ಗರ್ಭನಿರೋಧಕ ಬಳಸುವುದೇ ಅಪರಾಧವಾಗಿತ್ತು, ಮದುವೆಯಾದವರಿಗೂ. 1879ರ ಆ ಕಾನೂನನ್ನು ಸುಪ್ರೀಂ ಕೋರ್ಟ್ 'ಗ್ರಿಸ್‌ವೋಲ್ಡ್' ಪ್ರಕರಣದಲ್ಲಿ ರದ್ದು ಮಾಡಿದ್ದು 1965ರಲ್ಲಿ. ಗರ್ಭಪಾತಕ್ಕೆ ದೇಶವ್ಯಾಪಿ ಹಕ್ಕು ಸಿಕ್ಕಿದ್ದು 1973ರ 'ರೋ' ತೀರ್ಪಿನಿಂದ; ಅದೇ ನ್ಯಾಯಾಲಯ 2022ರ ಜೂನ್ 24ರಂದು ಅದನ್ನು ಹಿಂದಕ್ಕೆ ಪಡೆಯಿತು. ಏಪ್ರಿಲ್‌ಗೆ ವೈದ್ಯರ ಬಳಿ ಹೋಗುವ ದಾರಿಯೇ ಇರಲಿಲ್ಲ. ಕಾದಂಬರಿ ಈ ಕಾನೂನುಗಳ ಚರ್ಚೆಗೆ ಹೋಗುವುದಿಲ್ಲ. ಅವು ಅಲ್ಲಿ ಗಾಳಿಯಂತೆ ಇವೆ, ಯಾರೂ ಗಮನಿಸುವುದಿಲ್ಲ.

ಕನ್ನಡ ನಾಡಿಗೆ ಈ ಮಾತು ದೂರದ್ದಲ್ಲ. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡ್‌ನ ಗಾಲ್ವೇಯಲ್ಲಿ ತೀರಿಕೊಂಡಾಗ ಆಕೆಗೆ 31 ವರ್ಷ. ಸವಿತಾ ಅವರದು ಬಯಸಿ ಬಂದ ಗರ್ಭ, ಏಪ್ರಿಲ್‌ಳದು ಹಾಗಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಹದಿನೇಳನೆಯ ವಾರದಲ್ಲಿ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ, ತೆಗೆದುಬಿಡಿ ಎಂದು ಆಕೆ ಕೇಳಿದರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ನಂಜು ಏರಿ ಪ್ರಾಣ ಹೋಯಿತು. ಕೇಳಿದವಳ ಮಾತಿಗೆ ಬೆಲೆಯಿಲ್ಲದೆ ದಿನಗಳು ಕಳೆದವು. ಇಬ್ಬರ ಸಾವಿಗೂ ಇರುವ ಹೋಲಿಕೆ ಅದು. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನ ಜನ ತಮ್ಮ ಸಂವಿಧಾನದಲ್ಲಿ ಗರ್ಭಪಾತದ ಮೇಲಿದ್ದ ನಿರ್ಬಂಧವನ್ನು ಕಿತ್ತುಹಾಕಿದರು. ಆಗ ಅಲ್ಲಿನ ಗೋಡೆಗಳ ಮೇಲೆಲ್ಲ ಸವಿತಾ ಅವರ ಮುಖವಿತ್ತು. ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಿಂದಲೇ ಇದೆ. ವಯಸ್ಕ ಮಹಿಳೆಯ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನಿಗೆ ಬೇಕಿಲ್ಲ. "ಯಜಮಾನ್ರು ಬಂದಿದ್ದಾರಾ?" ಎಂಬ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ.

ಸಿನಿಮಾದ ಬಗ್ಗೆ ಎರಡು ಮಾತು. 'ಟೈಟಾನಿಕ್' ಆಗಿ ಹನ್ನೊಂದು ವರ್ಷದ ಮೇಲೆ ಕೇಟ್ ವಿನ್ಸ್‌ಲೆಟ್ ಮತ್ತು ಲಿಯೊನಾರ್ಡೊ ಡಿಕಾಪ್ರಿಯೊ ಮತ್ತೆ ಒಂದಾದ ಚಿತ್ರ ಎಂದು ಜನ ಹೋಗಿ ನೋಡಿದರು. ಜಾನ್ ಆಗಿ ಮೈಕೆಲ್ ಶ್ಯಾನನ್‌ನದು ಮರೆಯಲಾಗದ ಅಭಿನಯ. ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ವಿನ್ಸ್‌ಲೆಟ್ ಅದ್ಭುತವಾಗಿ ಮಾಡಿದ್ದಾಳೆ. ಕಷ್ಟ ಇರುವುದು ಅಲ್ಲೇ. ಅವಳ ಮುಖ ಮೊದಲ ದೃಶ್ಯದಿಂದಲೇ ಎಲ್ಲವನ್ನೂ ಹೇಳಿಬಿಡುತ್ತದೆ, ಪುಸ್ತಕ ಕೊನೆಯವರೆಗೆ ತಡೆದಿಟ್ಟುಕೊಂಡದ್ದನ್ನು ಕ್ಯಾಮೆರಾ ಹತ್ತೇ ನಿಮಿಷಕ್ಕೆ ಕೊಡುತ್ತದೆ. ಪ್ರೇಕ್ಷಕನಿಗೆ ಏಪ್ರಿಲ್‌ಳನ್ನು ತಪ್ಪಾಗಿ ತಿಳಿಯುವ ಅವಕಾಶವೇ ಸಿಗುವುದಿಲ್ಲ.

ಪುಸ್ತಕದಲ್ಲೂ ನನಗೆ ಒಪ್ಪಿಗೆಯಾಗದ ಜಾಗಗಳಿವೆ. ಮೊರೀನ್‌ಳನ್ನು ಯೇಟ್ಸ್ ಬೇಕಿಲ್ಲದಷ್ಟು ಕೀಳುಮಾಡಿ ಬರೆದಿದ್ದಾನೆ. ಹಳ್ಳಿಯಿಂದ ನ್ಯೂಯಾರ್ಕ್‌ಗೆ ಬಂದು ತನ್ನ ಕಾಲಮೇಲೆ ನಿಲ್ಲಲು ನೋಡುವ ಹುಡುಗಿ ಅವಳು, ಅಷ್ಟು ತಾತ್ಸಾರ ಅವಳಿಗೆ ಸಲ್ಲದು. ಮಕ್ಕಳಾದ ಜೆನಿಫರ್ ಮತ್ತು ಮೈಕೆಲ್ ಬಂದಾಗ ಮಾತ್ರ ಅವನ ಕೈ ಮೃದುವಾಗುತ್ತದೆ. ದೊಡ್ಡವರ ದನಿ ಏರುವುದನ್ನು ಮಗು ಕೇಳಿಸಿಕೊಳ್ಳುವ ರೀತಿಯನ್ನು ಅವನಷ್ಟು ಬಲ್ಲವರು ಕಡಿಮೆ. ಯೇಟ್ಸ್ ಮೂರು ವರ್ಷದವನಿದ್ದಾಗ ಅವನ ತಂದೆತಾಯಿ ಬೇರೆಯಾದರು. ಈ ಪುಸ್ತಕ ಬರೆಯುತ್ತಿದ್ದ ವರ್ಷಗಳಲ್ಲೇ ಅವನ ಮೊದಲ ಮದುವೆಯೂ ಮುರಿಯಿತು, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಅವನು ಒಬ್ಬನೇ ಇದ್ದ.

ಏಪ್ರಿಲ್ ಸತ್ತ ಮೇಲೂ ಕಥೆ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಮಕ್ಕಳು ಫ್ರಾಂಕ್‌ನ ಅಣ್ಣನ ಮನೆ ಸೇರುತ್ತವೆ. ಫ್ರಾಂಕ್ ಬದುಕಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ, ಒಳಗೆ ಏನೂ ಇಲ್ಲ. ಮಿಲ್ಲಿ ಕ್ಯಾಂಪ್‌ಬೆಲ್ ಹೊಸದಾಗಿ ಬಂದ ನೆರೆಯವರಿಗೆ ಈ ದುರಂತವನ್ನು ಸೊಗಸಾದ ಕಥೆಯಾಗಿ ಹೇಳುತ್ತಾಳೆ. ಏಪ್ರಿಲ್‌ಳನ್ನು ಗುಟ್ಟಾಗಿ ಪ್ರೀತಿಸಿದ್ದ ಶೆಪ್ ಅಲ್ಲಿ ಕೂರಲಾಗದೆ ಎದ್ದು ಹೊರಗೆ ಹೋಗುತ್ತಾನೆ. ಹೆಲೆನ್ ಗಿವಿಂಗ್ಸ್, ಒಮ್ಮೆ ವೀಲರ್ ದಂಪತಿಯನ್ನು ತಲೆಮೇಲೆ ಹೊತ್ತವಳು, ಈಗ ಅವರು ಮನೆಯನ್ನು ಹೇಗೆ ಹಾಳುಗೆಡವಿದರೆಂದು ಗಂಡ ಹೊವಾರ್ಡ್ ಮುಂದೆ ಗಂಟೆಗಟ್ಟಲೆ ಹೇಳುತ್ತಾಳೆ. ಹೊವಾರ್ಡ್ ಕಿವಿಯ ಯಂತ್ರವನ್ನು ಆರಿಸಿಬಿಡುತ್ತಾನೆ.

ಯೇಟ್ಸ್‌ನ ಉಳಿದ ಕೃತಿಗಳಲ್ಲಿ 1976ರ 'ದಿ ಈಸ್ಟರ್ ಪರೇಡ್' ಮತ್ತು 1962ರ ಕಥಾಸಂಕಲನ 'ಇಲೆವೆನ್ ಕೈಂಡ್ಸ್ ಆಫ್ ಲೋನ್ಲಿನೆಸ್' ಮಾತ್ರ ಇದರ ಸಮಕ್ಕೆ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ಸಿನಿಮಾ ನೋಡಿ ಕಥೆ ಗೊತ್ತಾಯಿತು ಎಂದುಕೊಂಡವರು ದಯವಿಟ್ಟು ಪುಸ್ತಕವನ್ನೇ ಓದಿ. ಓದುವಾಗ ಫ್ರಾಂಕ್‌ನ ಮಾತುಗಳನ್ನು ಸ್ವಲ್ಪ ಬದಿಗಿಟ್ಟು, ಅವನು ನಡುವೆಯೇ ತಡೆದ ಏಪ್ರಿಲ್‌ಳ ವಾಕ್ಯಗಳನ್ನು ಗುರುತು ಹಾಕಿಕೊಳ್ಳುತ್ತ ಹೋಗಿ.